ಚಿತ್ರವನ್ನು ಕಿವಿಯಿಂದ ನೋಡುವುದು: ಕಲೆ, ಸಂಸ್ಕೃತಿ, ಸೌಂದರ್ಯದ ಸ್ವತಂತ್ರ ಪಾಡ್‌ಕಾಸ್ಟ್‌ಗಳಿಗೊಂದು ಕೈಪಿಡಿ

ಒಂದು ಕಾಲಕ್ಕೆ ನನ್ನ ಫೋನಿನಲ್ಲಿ 60ಕ್ಕೂ ಹೆಚ್ಚು ಪಾಡ್‌ಕಾಸ್ಟ್‌ಗಳಿದ್ದವು. ಯಾರಾದರೂ ಒಂದು ಹೆಸರು ಹೇಳಿದರೆ ಸಾಕು, ಹುಡುಕಿ ಫಾಲೋ ಒತ್ತಿಬಿಡುತ್ತಿದ್ದೆ. ಕೇಳದೆ ಉಳಿದ ಕಂತುಗಳು ಗುಡ್ಡೆ ಬಿದ್ದವು. ಆ ಗುಡ್ಡೆ ಕರಗಿಸಲು ಒಂದೂವರೆ ಪಟ್ಟು ವೇಗದಲ್ಲಿ, ಪಾತ್ರೆ ತೊಳೆಯುತ್ತ, ಮೇಲ್ ನೋಡುತ್ತ ಕೇಳತೊಡಗಿದೆ. ಹೀಗೇ ಒಂದು ದಿನ ಯಾವುದೋ ವರ್ಣಚಿತ್ರದ ಬಗ್ಗೆ 40 ನಿಮಿಷದ ಕಂತು ಮುಗಿಸಿ, ಅದು ಎಷ್ಟು ಚೆನ್ನಾಗಿತ್ತು ಎಂದು ಗೆಳತಿಯ ಮುಂದೆ ಹೊಗಳುತ್ತಿದ್ದೆ. ಆಕೆ ಸಹಜವಾಗಿ ಕೇಳಿದಳು: "ಚಿತ್ರದಲ್ಲಿ ಏನಿದೆ?" ನನಗೆ ಹೇಳಲು ಬರಲಿಲ್ಲ. ಚಿತ್ರವನ್ನು ನಾನು ತೆರೆದು ನೋಡಿಯೇ ಇರಲಿಲ್ಲ.

ನಾನು ಕೇಳುವ ಕ್ರಮ ಬದಲಾದದ್ದು ಆ ಪ್ರಶ್ನೆಯಿಂದ. ಕಲೆಯ ಬಗೆಗಿನ ಒಳ್ಳೆಯ ಪಾಡ್‌ಕಾಸ್ಟ್ ನಮ್ಮನ್ನು ಆ ಚಿತ್ರದ, ಆ ಹಾಡಿನ, ಆ ಬಟ್ಟೆಯ ಹತ್ತಿರಕ್ಕೆ ವಾಪಸ್ ಕಳಿಸುತ್ತದೆ. ಕಳಿಸಿದಾಗ ನಾವು ಹೋಗಬೇಕು. ಹೋಗುವುದಕ್ಕೆ ಸಮಯ ಬೇಕು, ಸಮಯ ಸಿಗಬೇಕಾದರೆ ಪಟ್ಟಿ ಚಿಕ್ಕದಿರಬೇಕು. ಇವತ್ತು ನನ್ನ ಪಟ್ಟಿಯಲ್ಲಿ ಹನ್ನೆರಡು ಹೆಸರಿವೆ. ಒಂದು ವಾರದಲ್ಲಿ ಕೇಳುವುದು ಎರಡು, ಹೆಚ್ಚೆಂದರೆ ಮೂರು ಕಂತು. ಈ ಹದಕ್ಕೆ ಬಂದದ್ದು ಹೇಗೆ, ಯಾವುದನ್ನು ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಸ್ವತಂತ್ರ ಎಂದರೆ ಯಾವುದು

ಪಾಡ್‌ಕಾಸ್ಟ್ ಎಂಬ ಪದ ಮೊದಲು ಅಚ್ಚಾದದ್ದು 2004ರ ಫೆಬ್ರವರಿಯಲ್ಲಿ, ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತ ಗಾರ್ಡಿಯನ್ ಪತ್ರಿಕೆಗೆ ಬರೆದ ಲೇಖನದಲ್ಲಿ. ಇದರ ಹಿಂದಿನ ತಂತ್ರಜ್ಞಾನ ಸರಳ. ಆರ್‌ಎಸ್‌ಎಸ್ ಫೀಡ್ ಎಂಬ ಒಂದು ವಿಳಾಸ ಇರುತ್ತದೆ. ತಯಾರಕರು ಹೊಸ ಕಂತನ್ನು ಅಲ್ಲಿ ಇಡುತ್ತಾರೆ, ನಮ್ಮ ಆ್ಯಪ್ ಆಗಾಗ ಹೋಗಿ ನೋಡಿ ತಂದುಕೊಡುತ್ತದೆ. ನಡುವೆ ಯಾರ ಅಪ್ಪಣೆಯೂ ಬೇಕಿಲ್ಲ. ಮೈಕು, ಲ್ಯಾಪ್‌ಟಾಪು, ಹೇಳಬೇಕೆಂಬ ತುಡಿತ ಇರುವ ಒಬ್ಬರೇ ವ್ಯಕ್ತಿ ತಮ್ಮ ಕೋಣೆಯಿಂದ ಇಡೀ ಜಗತ್ತಿಗೆ ಮಾತಾಡಬಹುದಾದದ್ದು ಈ ಸರಳತೆಯಿಂದ. ಡೆಬಿ ಮಿಲ್ಮನ್ ತಮ್ಮ 'ಡಿಸೈನ್ ಮ್ಯಾಟರ್ಸ್' ಸಂದರ್ಶನಗಳನ್ನು 2005ರಲ್ಲಿ ಇಂಟರ್‌ನೆಟ್ ರೇಡಿಯೊದಲ್ಲಿ ಕೈಯಿಂದ ದುಡ್ಡು ಹಾಕಿ ಶುರು ಮಾಡಿದರು. ವಿನ್ಯಾಸಕಾರರೊಂದಿಗಿನ ಆ ಮಾತುಕತೆ ಇಷ್ಟು ವರ್ಷ ನಡೆದುಕೊಂಡು ಬಂದಿದೆ.

ಫೀಡು ಯಾರ ಕೈಯಲ್ಲಿದೆ, ಮುಂದಿನ ಕಂತು ಯಾವುದರ ಬಗ್ಗೆ ಎಂದು ಯಾರು ತೀರ್ಮಾನಿಸುತ್ತಾರೆ ಎಂಬ ಎರಡು ಪ್ರಶ್ನೆಗೆ "ಮಾಡುವವರೇ" ಎಂಬ ಉತ್ತರ ಬಂದರೆ ನನ್ನ ಲೆಕ್ಕದಲ್ಲಿ ಅದು ಸ್ವತಂತ್ರ. ಜಾಹೀರಾತು ಇದೆಯೋ ಇಲ್ಲವೋ ಎಂಬುದಕ್ಕೆ ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ರೋಮನ್ ಮಾರ್ಸ್ 2010ರಲ್ಲಿ ಆರಂಭಿಸಿದ '99% ಇನ್‌ವಿಸಿಬಲ್' ನಮ್ಮ ಕಣ್ಣಿಗೆ ಬೀಳದ ವಿನ್ಯಾಸಗಳ ಕುರಿತದ್ದು. ಕೇಳುಗರ ದೇಣಿಗೆಯ ಮೇಲೆ ಬೆಳೆದು 2021ರಲ್ಲಿ ದೊಡ್ಡ ಕಂಪನಿಯೊಂದರ ಪಾಲಾಯಿತು. ಈಗಲೂ ಚೆನ್ನಾಗಿದೆ, ಕೇಳಿ. ಸ್ವತಂತ್ರದ ಪಟ್ಟಿಯಲ್ಲಿ ಮಾತ್ರ ಇಡಲಾರೆ. ಅದೇ ಮಾರ್ಸ್ ಮತ್ತು ಪಿಆರ್‌ಎಕ್ಸ್ ಎಂಬ ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಸೇರಿ 2014ರಲ್ಲಿ ಕಟ್ಟಿದ ರೇಡಿಯೊಟೋಪಿಯಾ ಎಂಬ ಬಳಗ ಇನ್ನೊಂದು ಬಗೆ: ಅಲ್ಲಿ ಕಾರ್ಯಕ್ರಮದ ಒಡೆತನ ಮಾಡುವವರದ್ದೇ, ಹಣ ಮತ್ತು ಪ್ರಚಾರದ ಹೊರೆಯನ್ನು ಬಳಗ ಹೊರುತ್ತದೆ. ಆ ವರ್ಷ ಅವರು ಜನರ ಮುಂದೆ ಕೈಚಾಚಿದಾಗ 20 ಸಾವಿರಕ್ಕೂ ಹೆಚ್ಚು ಮಂದಿ ಹಣ ಕೊಟ್ಟರು. ಪದಗಳ ಕಥೆ ಹೇಳುವ 'ದಿ ಅಲ್ಯೂಷನಿಸ್ಟ್'ನ ಹೆಲೆನ್ ಝಾಲ್ಟ್ಸ್‌ಮನ್ 2020ರಲ್ಲಿ ಆ ಬಳಗವನ್ನೂ ಬಿಟ್ಟು ಒಬ್ಬರೇ ಮುಂದುವರಿದರು. ಹೀಗೆ ಹೊರಡಲು ಅವರಿಗೆ ಸಾಧ್ಯವಾದದ್ದು ಕಾರ್ಯಕ್ರಮ ಅವರದ್ದೇ ಆಗಿದ್ದರಿಂದ.

ಪತ್ತೆ ಮಾಡುವುದು ಹೇಗೆ? ಕಂತಿನ ಕೊನೆಯ ಒಂದು ನಿಮಿಷವನ್ನು ದಾಟಿಸದೆ ಕೇಳಿ. ಯಾರು ಬರೆದರು, ಯಾರು ಸಂಕಲನ ಮಾಡಿದರು, ಯಾರು ಹಣ ಕೊಟ್ಟರು ಎಂಬುದೆಲ್ಲ ಅಲ್ಲೇ ಬರುತ್ತದೆ. ಹೊಸ ಪಾಡ್‌ಕಾಸ್ಟ್ ಹುಡುಕುವುದಕ್ಕೂ ನನಗೆ ಇದೇ ದಾರಿ. ಒಂದು ಕಂತಿನ ಧ್ವನಿ ವಿನ್ಯಾಸ ಹಿಡಿಸಿದರೆ ಆ ಹೆಸರು ಬರೆದಿಟ್ಟುಕೊಂಡು ಅವರ ಬೇರೆ ಕೆಲಸ ಹುಡುಕುತ್ತೇನೆ. ಆ್ಯಪಿನ ಜನಪ್ರಿಯ ಪಟ್ಟಿಯಿಂದ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಒಂದೋ ಎರಡೋ.

ಹೆಜ್ಜೆ 1: ಆ್ಯಪ್ ಆಯ್ಕೆ, ಮತ್ತು ನಾಲ್ಕು ಸೆಟ್ಟಿಂಗ್

ಆ್ಯಪ್ ಯಾವುದಾದರೂ ಸರಿ, ಎರಡು ಸೌಲಭ್ಯ ಇರಲೇಬೇಕು: ಆರ್‌ಎಸ್‌ಎಸ್ ವಿಳಾಸವನ್ನು ನೇರವಾಗಿ ಅಂಟಿಸಲು ಬರಬೇಕು, ಮತ್ತು ನಿಮ್ಮ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಹೊರತೆಗೆಯಲು ಬರಬೇಕು. ಆಂಡ್ರಾಯ್ಡ್‌ನಲ್ಲಿ ಆಂಟೆನಾಪಾಡ್ ಮುಕ್ತ ತಂತ್ರಾಂಶ, ಸ್ವಯಂಸೇವಕರು ನಡೆಸುವಂಥದ್ದು, ಜಾಹೀರಾತಿಲ್ಲ. ಐಫೋನ್‌ಗೆ ಮಾರ್ಕೊ ಆರ್ಮೆಂಟ್ 2014ರಲ್ಲಿ ತಂದ ಓವರ್‌ಕಾಸ್ಟ್ ಇದೆ. ಎರಡರಲ್ಲೂ ಬೇಕೆಂದರೆ ಪಾಕೆಟ್ ಕಾಸ್ಟ್ಸ್. ಒಪಿಎಂಎಲ್ ಬಗ್ಗೆ ಒತ್ತಿ ಹೇಳಲು ಕಾರಣವಿದೆ. ನಾನು ವರ್ಷಗಟ್ಟಲೆ ಬಳಸಿದ ಒಂದು ಆ್ಯಪ್ ಮುಚ್ಚಿಹೋದಾಗ ಪಟ್ಟಿಯ ಜೊತೆಗೆ, ಎಲ್ಲೆಲ್ಲಿ ಏನು ಇಷ್ಟವಾಯಿತು ಎಂಬ ಗುರುತುಗಳೂ ಹೋದವು. ಈಗ ತಿಂಗಳಿಗೊಮ್ಮೆ ಕಡತ ತೆಗೆದಿಡುತ್ತೇನೆ, ಗುರುತುಗಳನ್ನು ಕಾಗದದ ಮೇಲೆ ಬರೆಯುತ್ತೇನೆ.

ಇನ್ನು ಸೆಟ್ಟಿಂಗ್. ಹೊಸ ಕಂತು ಬಂದಾಗಲೆಲ್ಲ ಟಿಂಗ್ ಎನ್ನುವ ಸೂಚನೆಯನ್ನು ಆರಿಸಿ. ತಾನೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ, ಕೇಳಬೇಕೆನಿಸಿದ್ದನ್ನು ಮಾತ್ರ ಇಳಿಸಿಕೊಳ್ಳಿ. ವೇಗವನ್ನು ಒಂದಕ್ಕೆ ತನ್ನಿ. ನಾಲ್ಕನೆಯದನ್ನು ಬಹಳ ಜನ ಗಮನಿಸಿರುವುದಿಲ್ಲ: ಮಾತಿನ ನಡುವಿನ ಮೌನವನ್ನು ಕತ್ತರಿಸುವ ಸೌಲಭ್ಯ. ಓವರ್‌ಕಾಸ್ಟ್‌ನಲ್ಲಿ ಅದು ಸ್ಮಾರ್ಟ್ ಸ್ಪೀಡ್, ಪಾಕೆಟ್ ಕಾಸ್ಟ್ಸ್‌ನಲ್ಲಿ ಟ್ರಿಮ್ ಸೈಲೆನ್ಸ್. ಸುದ್ದಿ ಕೇಳಲು ಅದು ಇರಲಿ. ಕಲೆಯ ಕಾರ್ಯಕ್ರಮಕ್ಕೆ ಖಂಡಿತ ಬೇಡ. ಕವಿತೆಯ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮೊದಲಿನ ಎರಡು ಸೆಕೆಂಡನ್ನು ಓದುವವರು ಬೇಕೆಂದೇ ಬಿಟ್ಟಿರುತ್ತಾರೆ. ಆ ಬಿಡುವಿನಲ್ಲೇ ಸಾಲು ನಮ್ಮೊಳಗೆ ಇಳಿಯುವುದು. ಯಂತ್ರಕ್ಕೆ ಅದು ಖಾಲಿ ಜಾಗವಾಗಿ ಕಾಣುತ್ತದೆ, ತೆಗೆದು ಬಿಸಾಡುತ್ತದೆ. ಸುದ್ದಿಗೂ ಕಲೆಗೂ ಒಂದೇ ಆ್ಯಪ್ ಬಳಸುವವರು ಪ್ರತಿ ಪಾಡ್‌ಕಾಸ್ಟ್‌ಗೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳಬಹುದು.

ಹೆಜ್ಜೆ 2: ಐದೇ ಐದರಿಂದ ಶುರು ಮಾಡಿ

ಒಂದೊಂದು ಕಲೆಗೆ ಒಂದೊಂದು. ನಾನು ಹೊಸಬರಿಗೆ ಹೇಳುವ ಐದು ಇವು.

ಹಾಡಿಗೆ 'ಸಾಂಗ್ ಎಕ್ಸ್‌ಪ್ಲೋಡರ್'. ಸ್ವತಃ ಸಂಗೀತಗಾರರಾದ ಹೃಷಿಕೇಶ್ ಹಿರ್ವೇ 2014ರಲ್ಲಿ ಆರಂಭಿಸಿದ್ದು. ಹಾಡು ಕಟ್ಟಿದವರೇ ತಮ್ಮ ಹಾಡನ್ನು ಬಿಡಿಬಿಡಿಯಾಗಿ ಬಿಚ್ಚಿಡುತ್ತಾರೆ. ಮೊದಲು ಡ್ರಮ್ ಒಂದೇ, ಆಮೇಲೆ ಬಾಸ್ ಒಂದೇ, ಆಮೇಲೆ ಹಿಂದಿನ ದನಿಗಳು. ಸಂದರ್ಶಕರ ಪ್ರಶ್ನೆಗಳನ್ನು ಸಂಕಲನದಲ್ಲಿ ತೆಗೆದುಬಿಟ್ಟಿರುತ್ತಾರೆ, ಆದ್ದರಿಂದ ಕಲಾವಿದರು ನಮ್ಮೊಬ್ಬರಿಗೇ ಹೇಳಿದಂತೆ ಕೇಳುತ್ತದೆ. ಕೊನೆಗೆ ಇಡೀ ಹಾಡು. ಇದರಲ್ಲಿ ನನಗೆ ತೀರಾ ಇಷ್ಟವಾದದ್ದು ಹಾಡುವ ದನಿ ಒಂಟಿಯಾಗಿ ಬರುವ ಕ್ಷಣ. ವಾದ್ಯಗಳೆಲ್ಲ ಸರಿದು ನಿಂತಾಗ, ಸಾಲಿಗೆ ಮೊದಲು ಉಸಿರೆಳೆದುಕೊಳ್ಳುವ ಸದ್ದು, ತುಟಿ ಬಿಚ್ಚುವ ಸದ್ದು, ತಂತಿಯ ಮೇಲೆ ಬೆರಳು ಜಾರಿದ ಕಿರ್ ಎಂಬ ಗೀರು ಎಲ್ಲ ಕೇಳುತ್ತವೆ. ಆಮೇಲೆ ಪೂರ್ತಿ ಹಾಡು ಬಂದಾಗ ಆ ಉಸಿರು ಅಲ್ಲೇ ಇರುವುದು ಗೊತ್ತಾಗುತ್ತದೆ. ಸಾವಿರ ಸಲ ಕೇಳಿದ ಹಾಡಾದರೂ ಅದು ಮೊದಲು ಗೊತ್ತಾಗಿರುವುದಿಲ್ಲ. ಇದನ್ನು ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಎಡಕ್ಕೊಂದು ಗಿಟಾರ್, ಬಲಕ್ಕೊಂದು ಗಿಟಾರ್ ಇಟ್ಟಿರುವ ಹಾಡುಗಳು ಒಂದೇ ಕಿವಿಯಲ್ಲಿ ಅರ್ಧವಾಗಿಬಿಡುತ್ತವೆ.

ಚಿತ್ರಕ್ಕೆ 'ದಿ ಲೋನ್ಲಿ ಪ್ಯಾಲೆಟ್'. ಕಲಾ ಇತಿಹಾಸ ಓದಿದ ತಮಾರ್ ಅವಿಶಾಯ್ 2016ರಿಂದ ನಡೆಸುತ್ತಿದ್ದಾರೆ. ಒಂದು ಕಂತಿಗೆ ಒಂದು ಕಲಾಕೃತಿ. ಇದರ ಆರಂಭವೇ ಒಂದು ಪಾಠ: ಗ್ಯಾಲರಿಯಲ್ಲಿ ಆ ಚಿತ್ರದ ಮುಂದೆ ನಿಂತ ಸಾಮಾನ್ಯ ಜನ ತಮಗೆ ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಒಬ್ಬರಿಗೆ ಅವಳು ದಣಿದಂತೆ ಕಾಣುತ್ತಾಳೆ, ಇನ್ನೊಬ್ಬರಿಗೆ ಸಿಟ್ಟು ಬಂದಂತೆ. ಆಮೇಲೆ ಅವಿಶಾಯ್ ಇತಿಹಾಸ ಹೇಳಲು ಹೊರಡುತ್ತಾರೆ. ಕಲೆಯ ಬಗ್ಗೆ ಮಾತಾಡಲು ಓದಿರಬೇಕು ಎಂಬ ಅಳುಕು ಇರುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಕವಿತೆಗೆ 'ಪೊಯೆಟ್ರಿ ಅನ್‌ಬೌಂಡ್'. ಐರ್ಲೆಂಡಿನ ಕವಿ ಪಾಡ್ರಿಗ್ ಓ ತೂಮಾ ಒಂದು ಕವಿತೆ ಓದುತ್ತಾರೆ, ಅದರ ಬಗ್ಗೆ ಸ್ವಲ್ಪ ಮಾತಾಡುತ್ತಾರೆ, ಮತ್ತೆ ಅದೇ ಕವಿತೆ ಓದುತ್ತಾರೆ. ಇಷ್ಟೇ. 2020ರಲ್ಲಿ ಲಾಭದ ಉದ್ದೇಶವಿಲ್ಲದ ಆನ್ ಬೀಯಿಂಗ್ ಸಂಸ್ಥೆಯಿಂದ ಶುರುವಾಯಿತು. ಎರಡನೆಯ ಓದಿನಲ್ಲಿ ಕವಿತೆ ಬದಲಾಗಿರುತ್ತದೆ. ಪದ ಒಂದೂ ಬದಲಾಗಿರುವುದಿಲ್ಲ.

ಉಡುಪಿಗೆ ಏವರಿ ಟ್ರಫಲ್ಮನ್ ಅವರ 'ಆರ್ಟಿಕಲ್ಸ್ ಆಫ್ ಇಂಟರೆಸ್ಟ್'. 2018ರ ಮೊದಲ ಸರಣಿಯಲ್ಲಿ ಜೇಬಿನ ಬಗ್ಗೆ ಒಂದು ಕಂತಿದೆ, ಅಲ್ಲಿಂದ ಶುರು ಮಾಡಿ. ಹೆಂಗಸರ ಉಡುಪಿನಲ್ಲಿ ಜೇಬು ಏಕಿಲ್ಲ ಎಂಬ ದಿನನಿತ್ಯದ ಕಿರಿಕಿರಿಯಿಂದ ಹೊರಟು ಅದು ಖಾಸಗಿತನ, ಹಣ, ಅಧಿಕಾರದವರೆಗೆ ಹೋಗುತ್ತದೆ. ಹಿಂದೆ ಯುರೋಪಿನ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ, ಬಟ್ಟೆಯಿಂದ ಬೇರೆಯೇ ಆಗಿದ್ದ ದೊಡ್ಡ ಜೇಬುಗಳು ಇದ್ದವು. ಉಡುಪು ಮೈಗೆ ಅಂಟಿಕೊಳ್ಳುವ ಕಾಲ ಬಂದಾಗ ಅವಕ್ಕೆ ಜಾಗ ಇಲ್ಲದಾಯಿತು. ಕೇಳಿದ ಮೇಲೆ ನಾನು ಬಟ್ಟೆ ಅಂಗಡಿಯಲ್ಲಿ ಮೊದಲು ನೋಡುವುದು ಜೇಬನ್ನು, ಅದೂ ಕೈ ಒಳಗೆ ಹಾಕಿ, ಎಷ್ಟು ಆಳ ಹೊಲಿದಿದ್ದಾರೆ ಎಂದು.

ಐದನೆಯದು ಶಬ್ದಕ್ಕೆ, ಡಲ್ಲಾಸ್ ಟೇಲರ್ ಅವರ 'ಟ್ವೆಂಟಿ ಥೌಸಂಡ್ ಹರ್ಟ್ಜ್'. ಮನುಷ್ಯನ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20,000 ಹರ್ಟ್ಜ್, ಹೆಸರು ಅಲ್ಲಿಂದ ಬಂದದ್ದು. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರ '4 ನಿಮಿಷ 33 ಸೆಕೆಂಡ್' ಕೃತಿಯ ಬಗೆಗಿನ ಕಂತನ್ನು ಹುಡುಕಿ. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿಯ ಒಂದು ಮರದ ಸಭಾಂಗಣದಲ್ಲಿ ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ಕೂತು, ಮೂರು ಭಾಗಗಳಲ್ಲೂ ಒಂದು ಸ್ವರವನ್ನೂ ನುಡಿಸಲಿಲ್ಲ. ಮೊದಲ ಭಾಗದಲ್ಲಿ ಹೊರಗೆ ಗಾಳಿ ಬೀಸುವುದು ಕೇಳಿಸಿತು, ಎರಡನೆಯದರಲ್ಲಿ ಛಾವಣಿಯ ಮೇಲೆ ಮಳೆಹನಿ, ಮೂರನೆಯದರಲ್ಲಿ ಜನರ ಗುಸುಗುಸು ಮತ್ತು ಎದ್ದು ಹೋಗುವ ಸಪ್ಪಳ ಎಂದು ಕೇಜ್ ಆಮೇಲೆ ನೆನಪಿಸಿಕೊಂಡರು. ಆ ಕಂತು ಮುಗಿದ ಕೂಡಲೇ ಇಯರ್‌ಫೋನ್ ತೆಗೆದು ನಾಲ್ಕೂವರೆ ನಿಮಿಷ ಸುಮ್ಮನೆ ಕೂತುಬಿಡಿ. ಫ್ರಿಜ್ಜಿನ ಗುಂಯ್, ಮೇಲ್ಮನೆಯ ಕುರ್ಚಿ ಎಳೆದದ್ದು, ದೂರದ ಹಾರ್ನು. ನಿಮ್ಮ ಕಾರ್ಯಕ್ರಮ ಅದು.

ಈ ಐದನ್ನು ಒಂದು ತಿಂಗಳು ಕೇಳಿ. ಆರನೆಯದನ್ನು ಸೇರಿಸುವ ಆಸೆಯನ್ನು ಅಲ್ಲಿಯವರೆಗೆ ತಡೆದುಕೊಳ್ಳಿ.

ಹೆಜ್ಜೆ 3: ಕೇಳುವ ಮೊದಲು ನೋಡಿ, ಆಮೇಲೆ ಮತ್ತೆ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಕಂತಿನ ಹೆಸರು ನೋಡಿದ ತಕ್ಷಣ ಪ್ಲೇ ಒತ್ತಬೇಡಿ. ಯಾವ ಕೃತಿಯ ಬಗ್ಗೆ ಮಾತೋ ಅದನ್ನು ಮೊದಲು ನಿಮ್ಮಷ್ಟಕ್ಕೆ ನೋಡಿ, ಅಥವಾ ಕೇಳಿ. ಚಿತ್ರವಾದರೆ ವಸ್ತುಸಂಗ್ರಹಾಲಯದ ಜಾಲತಾಣದಲ್ಲೇ ದೊಡ್ಡ ಗಾತ್ರದ ಪ್ರತಿ ಸಿಗುತ್ತದೆ. ಫೋನಿನ ಚಿಕ್ಕ ಪರದೆ ಸಾಲದು, ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ಐದು ನಿಮಿಷ ಗಡಿಯಾರ ಇಟ್ಟುಕೊಳ್ಳಿ. ಮೊದಲ ಒಂದು ನಿಮಿಷದಲ್ಲಿ ಎಲ್ಲ ನೋಡಿ ಮುಗಿಯಿತು ಎನಿಸುತ್ತದೆ. ಎರಡನೆಯ ನಿಮಿಷ ಬೇಸರ. ಮೂರನೆಯದರಿಂದ ನಿಜವಾದ ನೋಟ ಶುರು.

ಇದನ್ನು ಅಭ್ಯಾಸ ಮಾಡಲು ಒಂದು ಚಿತ್ರ ಸೂಚಿಸುತ್ತೇನೆ: ಇಂಗ್ಲೆಂಡಿನ ಜೆ.ಎಂ.ಡಬ್ಲ್ಯು. ಟರ್ನರ್ 1840ರಲ್ಲಿ ಪ್ರದರ್ಶನಕ್ಕಿಟ್ಟ, 'ಸ್ಲೇವ್ ಶಿಪ್' ಎಂದು ಜನ ಕರೆಯುವ ತೈಲಚಿತ್ರ. ಈಗ ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಮೊದಲ ನೋಟಕ್ಕೆ ಅದೊಂದು ಬೆಂಕಿಯಂಥ ಸೂರ್ಯಾಸ್ತ. ನಡುವೆ ಬಿಳಿ ಬೆಳಕಿನ ಗೆರೆ ಆಕಾಶದಿಂದ ನೀರಿಗೆ ಇಳಿದಿದೆ, ಸುತ್ತ ಕೆಂಪು, ಹಳದಿ, ಕಿತ್ತಳೆ. ಎಡಕ್ಕೆ, ಸ್ವಲ್ಪ ದೂರದಲ್ಲಿ, ಅಲೆಗೆ ಸಿಕ್ಕಿದ ಹಡಗು. ಎಷ್ಟು ಚೆಂದ ಎನ್ನುವ ಹೊತ್ತಿಗೆ ಕಣ್ಣು ನಿಧಾನ ಕೆಳಗೆ, ಬಲ ಮೂಲೆಗೆ ಇಳಿಯಲಿ. ಅಲ್ಲಿ ನೀರಿನಿಂದ ಮೇಲೆದ್ದ ಒಂದು ಕಾಲು ಇದೆ. ಕಾಲಿಗೆ ಬೇಡಿ. ಸುತ್ತ ಮುತ್ತಿಕೊಂಡ ಮೀನು, ಮೇಲೆ ಹಕ್ಕಿಗಳು. ಅಲೆಯದ್ದೇ ಎಂದುಕೊಂಡಿದ್ದ ಕಪ್ಪು ಗೆರೆಗಳು ಸರಪಳಿಗಳು. ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನಿಂದ ಸತ್ತವರನ್ನೂ ಸಾಯುತ್ತಿರುವವರನ್ನೂ ಸಮುದ್ರಕ್ಕೆ ಎಸೆದ ಚಿತ್ರ ಅದು. ಈಗ ಕಣ್ಣೆತ್ತಿ ಮತ್ತೆ ಆ ಸೂರ್ಯಾಸ್ತ ನೋಡಿ, ಆ ಕೆಂಪು ಮೊದಲಿನ ಕೆಂಪಾಗಿ ಉಳಿದಿರುವುದಿಲ್ಲ.

ಈ ಐದು ನಿಮಿಷ ಕಳೆದ ಮೇಲೆ ಯಾವ ತಜ್ಞರ ಮಾತು ಕೇಳಿದರೂ ನೀವು ಖಾಲಿ ಕೈಯಲ್ಲಿ ಕೂತಿರುವುದಿಲ್ಲ. ಅವರು ಮೂಲೆಯ ಕಾಲಿನ ಬಗ್ಗೆ ಹೇಳಿದಾಗ "ಹೌದು, ನೋಡಿದೆ" ಎನ್ನುತ್ತೀರಿ. ನಿಮಗೆ ಕಾಣದ್ದನ್ನು ಹೇಳಿದಾಗ ತಟ್ಟನೆ ನಿಲ್ಲಿಸಿ ಹುಡುಕುತ್ತೀರಿ. ಅವರಿಗೆ ಕಾಣದ್ದು ನಿಮಗೆ ಕಂಡಿರಲೂಬಹುದು.

ಕ್ರಮ ಹೀಗಿರಲಿ: ಮೊದಲು ಕೃತಿ, ಆಮೇಲೆ ಕಂತು, ಕಂತು ಮುಗಿದ ದಿನವೇ ಮತ್ತೊಮ್ಮೆ ಕೃತಿ. ವಾದ್ಯವೃಂದ ನಡೆಸುವ ಕಂಡಕ್ಟರ್ ಜೋಶುವಾ ವೈಲರ್‌ಸ್ಟೈನ್ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ಬಿಡಿಸಿ ಹೇಳುವ 'ಸ್ಟಿಕಿ ನೋಟ್ಸ್'ಗೂ ಇದೇ ಕ್ರಮ. ಅಲ್ಲಿ ಮೊದಲ ಸಲ ಸಿಂಫನಿ ಕೇಳಿದಾಗ ಏನೂ ತಿಳಿಯಲಿಲ್ಲ ಎಂದು ಬಿಡಬೇಡಿ. ತಿಳಿಯದೆ ಹೋದದ್ದು ಎಲ್ಲಿ ಎಂಬ ಗುರುತೇ ಆಮೇಲೆ ಉಪಯೋಗಕ್ಕೆ ಬರುವುದು.

ಇಷ್ಟೆಲ್ಲ ಪ್ರತಿ ಕಂತಿಗೂ ಆಗುವುದಿಲ್ಲ. ವಾರಕ್ಕೆ ಒಂದು ಕಂತನ್ನು ಹೀಗೆ ಕೇಳಿ. ಉಳಿದದ್ದು ನಡೆಯುತ್ತ, ಮನೆಗೆಲಸ ಮಾಡುತ್ತ ಕೇಳಲು ಅಡ್ಡಿಯಿಲ್ಲ. ಹಾಗೆ ಕೇಳಲಿಕ್ಕೆಂದೇ ಒಗ್ಗುವಂಥವೂ ಇವೆ. ನೇಟ್ ಡಿಮೆಯೊ 2008ರಿಂದ ಮಾಡುತ್ತಿರುವ 'ದಿ ಮೆಮೊರಿ ಪ್ಯಾಲೇಸ್' ಅಂಥದ್ದು. ಅಮೆರಿಕದ ಇತಿಹಾಸದ ಮೂಲೆಯಿಂದ ಎತ್ತಿದ, ಬಹಳ ಸಲ ಹತ್ತು ಹದಿನೈದು ನಿಮಿಷದೊಳಗೆ ಮುಗಿಯುವ ಕಥೆ, ಹಿಂದೆ ಹದವಾದ ಸಂಗೀತ. ಒಂದು ನಡಿಗೆಗೆ ಒಂದು ಕಥೆ ಸಾಕು. ಒಂದರ ಹಿಂದೆ ಒಂದು ನಾಲ್ಕು ಕೇಳಿದರೆ ನಾಲ್ಕೂ ಕಲಸಿಹೋಗುತ್ತವೆ, ನಾನು ಮಾಡಿ ನೋಡಿದ್ದೇನೆ.

ಹೆಜ್ಜೆ 4: ಭಾಷೆ ತೊಡಕಾದಾಗ

ಇಲ್ಲಿ ಹೆಸರಿಸಿದವೆಲ್ಲ ಇಂಗ್ಲಿಷಿನವು, ಅದೂ ಬೇರೆ ಬೇರೆ ಉಚ್ಚಾರದ ಇಂಗ್ಲಿಷ್. ಮೊದಲ ಕೆಲವು ನಿಮಿಷ ಕಿವಿ ಒಗ್ಗದಿದ್ದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಒಳ್ಳೆಯ ಸ್ವತಂತ್ರ ತಯಾರಕರು ಪೂರ್ತಿ ಮಾತನ್ನು ಬರಹವಾಗಿಯೂ ಕೊಡುತ್ತಾರೆ. ದಿ ಅಲ್ಯೂಷನಿಸ್ಟ್, ಟ್ವೆಂಟಿ ಥೌಸಂಡ್ ಹರ್ಟ್ಜ್, ದಿ ಲೋನ್ಲಿ ಪ್ಯಾಲೆಟ್ ತಮ್ಮ ಜಾಲತಾಣಗಳಲ್ಲಿ ಇದನ್ನು ಹಾಕುತ್ತವೆ. ಮೊದಲು ಬರಹವಿಲ್ಲದೆ ಒಮ್ಮೆ ಕೇಳಿ, ಎರಡನೆಯ ಸಲ ಬರಹದ ಮೇಲೆ ಕಣ್ಣಿಟ್ಟು ಕೇಳಿ. ಕಲೆಯ ಪದಗಳು ಕೆಲವೇ, ಪದೇಪದೇ ಬರುತ್ತವೆ. ಹತ್ತು ಕಂತು ಆಗುವಷ್ಟರಲ್ಲಿ ಕೈಗೆ ಹತ್ತಿರುತ್ತವೆ. ವೇಗವನ್ನು 0.9ಕ್ಕೆ ಇಳಿಸುವುದೂ ಸಹಾಯ ಮಾಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಸಂಗೀತ ಕೆಡುತ್ತದೆ.

ಹೆಜ್ಜೆ 5: ಗೊತ್ತಿರುವುದರಿಂದ ಪರೀಕ್ಷಿಸಿ

ಹೊಸ ಪಾಡ್‌ಕಾಸ್ಟ್ ನಂಬಬಹುದೇ ಎಂದು ತಿಳಿಯಲು ನನ್ನಲ್ಲಿ ಒಂದೇ ಉಪಾಯವಿದೆ. ಅದರ ಹಳೆಯ ಕಂತುಗಳಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ವಿಷಯದ್ದೊಂದನ್ನು ಮೊದಲು ಆರಿಸುತ್ತೇನೆ. ನೂರು ಸಲ ಕೇಳಿದ ಹಾಡು, ಎರಡು ಸಲ ಓದಿದ ಕಾದಂಬರಿ. ಅಲ್ಲಿ ಅವರು ಹೆಸರು, ಇಸವಿ ಸರಿಯಾಗಿ ಹೇಳುತ್ತಾರೆಯೇ? ನನಗೇ ಹೊಳೆಯದಿದ್ದ ಒಂದಾದರೂ ಮಾತು ಹೇಳುತ್ತಾರೆಯೇ? ಎರಡಕ್ಕೂ ಹೌದು ಎಂದಾದರೆ, ಗೊತ್ತಿಲ್ಲದ ವಿಷಯದ ಕಂತಿಗೆ ಅವರ ಕೈ ಹಿಡಿದು ಹೋಗುತ್ತೇನೆ.

ಪುಸ್ತಕದ ಮಾತುಕತೆಗಳಿಗೆ ಈ ಪರೀಕ್ಷೆ ಚೆನ್ನಾಗಿ ಒಪ್ಪುತ್ತದೆ. ಡೇವಿಡ್ ನೈಮನ್ ನಡೆಸುವ 'ಬಿಟ್ವೀನ್ ದಿ ಕವರ್ಸ್' ಎರಡು ಗಂಟೆ ದಾಟುವ ಸಂದರ್ಶನಗಳಿಗೆ ಹೆಸರಾಗಿದೆ. ಅವರ ಪ್ರಶ್ನೆ ಕೇಳಿದರೆ ಲೇಖಕರ ಹಿಂದಿನ ಪುಸ್ತಕಗಳನ್ನೆಲ್ಲ ಓದಿಕೊಂಡು ಬಂದಿರುವುದು ಸ್ಪಷ್ಟ. ಒಂದೇ ಗುಕ್ಕಿಗೆ ಕೇಳಬೇಡಿ, ಮೂರು ದಿನಕ್ಕೆ ಹಂಚಿಕೊಳ್ಳಿ. ಮರೆತುಹೋದ ಹಳೆಯ ಪುಸ್ತಕಗಳಿಗಾದರೆ 'ಬ್ಯಾಕ್‌ಲಿಸ್ಟೆಡ್' ಇದೆ.

ಹಳೆಯ ಕಂತುಗಳ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ: ಮೊದಲ ಕಂತಿನಿಂದಲೇ ಶುರು ಮಾಡಬೇಕು ಎಂಬ ಹಟ ಬೇಡ. ಇದಕ್ಕೆ ಒಂದು ಅಪವಾದ, ಆಂಡ್ರ್ಯೂ ಹಿಕಿ ಎಂಬ ಒಬ್ಬರೇ 2018ರಲ್ಲಿ ಕೈಹಾಕಿದ 'ಎ ಹಿಸ್ಟರಿ ಆಫ್ ರಾಕ್ ಮ್ಯೂಸಿಕ್ ಇನ್ 500 ಸಾಂಗ್ಸ್'. ಜಾಝ್ ಕಲಾವಿದ ಬೆನ್ನಿ ಗುಡ್‌ಮನ್ ತಂಡದ 1939ರ ಒಂದು ಧ್ವನಿಮುದ್ರಣದಿಂದ ಹೊರಟು ವರ್ಷದಿಂದ ವರ್ಷಕ್ಕೆ ಮುಂದೆ ಸಾಗುವ ಆ ಕಥೆಯಲ್ಲಿ ಹಿಂದೆ ಬಂದ ಮನುಷ್ಯರು ಮತ್ತೆ ಮತ್ತೆ ಎದುರಾಗುತ್ತಾರೆ. ಅದನ್ನು ಕಾದಂಬರಿಯಂತೆ ಮೊದಲ ಪುಟದಿಂದಲೇ ಓದಬೇಕು. ಆರಂಭದ ಕಂತುಗಳು ಅರ್ಧ ಗಂಟೆಯ ಆಸುಪಾಸು. ಆಮೇಲಾಮೇಲೆ ಕೆಲವು ಗಂಟೆಗಟ್ಟಲೆ ಬೆಳೆದಿವೆ. ಮಾತಿನ ಪೂರ್ತಿ ಬರಹವೂ ಜೊತೆಗಿದೆ. ಒಬ್ಬ ವ್ಯಕ್ತಿಯ ಶ್ರದ್ಧೆ ಎಷ್ಟು ದೂರ ಹೋಗಬಹುದು ಎಂದು ಅದನ್ನು ಕೇಳಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಸೌಂದರ್ಯದ ಮಾತು ಬಂದಾಗ ಸ್ವಲ್ಪ ಎಚ್ಚರ

ಚರ್ಮ, ಕೂದಲು, ಪ್ರಸಾಧನದ ಪಾಡ್‌ಕಾಸ್ಟ್‌ಗಳಲ್ಲಿ ಮಾತು ಎಲ್ಲಿ ಮುಗಿದು ಮಾರಾಟ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಹಾಗಾಗಿ ಪ್ರಾಯೋಜಕರ ಹೆಸರು ಮತ್ತು ಹೊಗಳಿದ ಕ್ರೀಮಿನ ಹೆಸರು ಎರಡನ್ನೂ ಗಮನಿಸಿ. ಮೂರು ಕಂತಿನಲ್ಲಿ ಮೂರು ಸಲ ಹೊಂದಿಕೆಯಾದರೆ ಬಿಟ್ಟುಬಿಡಿ. ನಾನು ಉಳಿಸಿಕೊಂಡಿರುವುದು 'ದಿ ಬ್ಯೂಟಿ ಬ್ರೇನ್ಸ್'. ಪ್ರಸಾಧನ ರಸಾಯನಶಾಸ್ತ್ರದ ಕೆಲಸದಲ್ಲಿ ಪಳಗಿದವರು ಕೇಳುಗರ ಪ್ರಶ್ನೆಗೆ ಉತ್ತರಿಸುವ ಕಾರ್ಯಕ್ರಮ. ಇಂಥ ಮಾತು ಕೇಳುವಾಗ ಕೈಯಲ್ಲಿ ನಿಮ್ಮದೇ ಒಂದು ಡಬ್ಬಿ ಇಟ್ಟುಕೊಳ್ಳಿ, ಹಿಂದಿನ ಚಿಕ್ಕ ಅಕ್ಷರ ಓದಿ. ಘಟಕಗಳನ್ನು ಹೆಚ್ಚಿರುವುದು ಮೊದಲು ಎಂಬ ಕ್ರಮದಲ್ಲಿ ಬರೆಯುವುದು ಅಮೆರಿಕ, ಯುರೋಪಿನ ನಿಯಮ. ಆದರೆ ಶೇ. 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಮುಂಭಾಗದಲ್ಲಿ ದೊಡ್ಡದಾಗಿ ಚಿತ್ರ ಹಾಕಿದ ಹೂವಿನ ಸಾರ ಪಟ್ಟಿಯ ತುದಿಯಲ್ಲಿ, ಸಂರಕ್ಷಕಗಳ ಸಾಲಿನಲ್ಲಿ ಕೂತಿದ್ದರೆ ಅದು ಎಷ್ಟಿದೆ ಎಂದು ನೀವೇ ಅಂದಾಜು ಮಾಡಬಹುದು.

ಸೌಂದರ್ಯವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬ ದೊಡ್ಡ ಪ್ರಶ್ನೆಗೆ ಕೇಟಿ ಹೆಸೆಲ್ ಅವರ 'ದಿ ಗ್ರೇಟ್ ವಿಮೆನ್ ಆರ್ಟಿಸ್ಟ್ಸ್' ಕೇಳಿ. 2019ರಿಂದ ಮಹಿಳಾ ಕಲಾವಿದರ ಬಗ್ಗೆ ಮಾತ್ರ ನಡೆದಿರುವ ಸಂದರ್ಶನಗಳ ಸರಣಿ ಅದು. ಗೆರಿಲ್ಲಾ ಗರ್ಲ್ಸ್ ಎಂಬ ಕಲಾವಿದೆಯರ ಗುಂಪು 1989ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಆಧುನಿಕ ಕಲಾ ವಿಭಾಗದಲ್ಲಿ ಎಣಿಸಿ ನೋಡಿ ಭಿತ್ತಿಪತ್ರ ಮಾಡಿತ್ತು: ಕಲಾವಿದರಲ್ಲಿ ಹೆಂಗಸರು ಶೇ. 5ಕ್ಕಿಂತ ಕಡಿಮೆ, ಬೆತ್ತಲೆ ಚಿತ್ರಗಳಲ್ಲಿ ಶೇ. 85 ಹೆಂಗಸರವು. ಹೆಸೆಲ್ ಅವರ ಕೆಲಸ ಯಾಕೆ ಬೇಕಾಗಿತ್ತು ಎಂಬುದಕ್ಕೆ ಆ ಎರಡು ಅಂಕಿ ಸಾಕು.

ಹೆಜ್ಜೆ 6: ಬರೆದಿಡಿ, ಬಿಟ್ಟುಬಿಡಿ, ಕೊಡಿ

ಒಂದು ಚಿಕ್ಕ ನೋಟ್‌ಬುಕ್ ಇರಲಿ. ಕಂತಿಗೆ ಮೂರು ಸಾಲಿಗಿಂತ ಹೆಚ್ಚು ಬೇಡ: ಯಾವ ಕೃತಿ, ಎಷ್ಟನೆಯ ನಿಮಿಷದಲ್ಲಿ ಕಿವಿ ನಿಮಿರಿತು, ಆಮೇಲೆ ಏನು ನೋಡಬೇಕೆನಿಸಿತು. ತಿಂಗಳ ಕೊನೆಗೆ ತಿರುವಿಹಾಕಿ. ಸತತ ಮೂರು ಕಂತು ಕೇಳಿಯೂ ಒಂದು ಸಾಲು ಬರೆಯಬೇಕೆನಿಸದ ಪಾಡ್‌ಕಾಸ್ಟನ್ನು ಪಟ್ಟಿಯಿಂದ ತೆಗೆಯಿರಿ. ಅದು ಕೆಟ್ಟದ್ದೆಂದು ಅರ್ಥವಲ್ಲ, ಈ ಹೊತ್ತಿನ ನಿಮ್ಮದಲ್ಲ ಅಷ್ಟೆ. ಆ ಜಾಗಕ್ಕೆ ಹೊಸದೊಂದು ಬರಲಿ.

ಕಿವಿ ದಣಿದ ವಾರಕ್ಕೆಂದೇ ನಾನು ಇಟ್ಟುಕೊಂಡಿರುವುದು ಎಲಿನರ್ ಮೆಕ್‌ಡೊವಾಲ್ ನಡೆಸುವ 'ಫೀಲ್ಡ್ ರೆಕಾರ್ಡಿಂಗ್ಸ್'. ಧ್ವನಿ ಕಲಾವಿದರು ಎಲ್ಲೋ ಒಂದು ಬಯಲಿನಲ್ಲಿ, ಬಯಲಿನಂಥ ಜಾಗದಲ್ಲಿ ಸುಮ್ಮನೆ ನಿಂತು ಅಲ್ಲಿನ ಸದ್ದನ್ನು ದಾಖಲಿಸಿ ಕಳಿಸುತ್ತಾರೆ. ಅರ್ಥ ಮಾಡಿಕೊಳ್ಳಬೇಕಾದ್ದು ಏನೂ ಇರುವುದಿಲ್ಲ, ಅಲ್ಲಿ ನಿಂತಿರುವುದಷ್ಟೇ.

ಇನ್ನು ಹಣದ ಮಾತು. ಒಬ್ಬರೋ ಇಬ್ಬರೋ ಸೇರಿ ಮಾಡುವ ಅರ್ಧ ಗಂಟೆಯ ಕಂತಿನ ಹಿಂದೆ ವಾರಗಟ್ಟಲೆ ಓದು, ಧ್ವನಿಮುದ್ರಣ, ಸಂಕಲನ ಇರುತ್ತದೆ, ಮತ್ತು ಅದು ನಮಗೆ ಬಿಟ್ಟಿಯಾಗಿ ಸಿಗುತ್ತದೆ. ನಿಮ್ಮ ಪಟ್ಟಿಯಲ್ಲಿ ಒಂದಕ್ಕಾದರೂ ನಿಯಮಿತವಾಗಿ ಕೊಡಿ. ಎಲ್ಲದಕ್ಕೂ ಚೂರುಚೂರು ಹಂಚುವುದಕ್ಕಿಂತ ಒಂದಕ್ಕೆ ವರ್ಷವಿಡೀ ಕೊಡುವುದು ಅವರಿಗೆ ಹೆಚ್ಚು ಉಪಯೋಗ, ಮುಂದಿನ ತಿಂಗಳನ್ನು ನೆಚ್ಚಿ ಕೆಲಸ ಮಾಡಬಹುದು. ಪೇಟ್ರಿಯಾನ್‌ನಂಥ ತಾಣದ ಮೂಲಕ ಕೊಟ್ಟರೆ ಬಹುತೇಕ ಕಡೆ ನಿಮಗೊಂದು ಖಾಸಗಿ ಆರ್‌ಎಸ್‌ಎಸ್ ವಿಳಾಸ ಬರುತ್ತದೆ, ಜಾಹೀರಾತಿಲ್ಲದ ಅಥವಾ ಹೆಚ್ಚುವರಿ ಕಂತುಗಳಿಗೆ. ಆ ವಿಳಾಸ ನಿಮ್ಮ ಹೆಸರಿಗೆ ಮಾಡಿದ್ದು, ಬೇರೆಯವರಿಗೆ ಕಳಿಸಬೇಡಿ. ಹೆಜ್ಜೆ 1ರಲ್ಲಿ ಹೇಳಿದ, ವಿಳಾಸ ಅಂಟಿಸಲು ಬರುವ ಆ್ಯಪ್ ಉಪಯೋಗಕ್ಕೆ ಬರುವುದು ಇಲ್ಲೇ.

ಕೊಡಲು ಆಗದಿದ್ದರೆ ಒಬ್ಬರಿಗೆ ಹೇಳಿ. ಇಪ್ಪತ್ತು ಜನರ ಗುಂಪಿಗೆ ಲಿಂಕ್ ಎಸೆದರೆ ಯಾರೂ ಒತ್ತುವುದಿಲ್ಲ. ಯಾರಿಗೆ ಯಾವುದು ಹಿಡಿಸಬಹುದೆಂದು ಯೋಚಿಸಿ, ಒಬ್ಬರಿಗೆ ಒಂದೇ ಕಂತು ಕಳಿಸಿ, ಜೊತೆಗೆ ನೋಟ್‌ಬುಕ್ಕಿನ ಒಂದು ಸಾಲು: "11ನೇ ನಿಮಿಷದಲ್ಲಿ ಅವಳು ಉಸಿರೆಳೆದುಕೊಳ್ಳುವುದು ಕೇಳು." ಅಂದು ಪ್ರಶ್ನೆ ಕೇಳಿದ ಗೆಳತಿಗೆ ನಾನು ಈಗ ಹೀಗೇ ಕಳಿಸುತ್ತೇನೆ. ಚಿತ್ರದ ಕಂತಾದರೆ ಚಿತ್ರವನ್ನು ಮೊದಲು ಕಳಿಸುತ್ತೇನೆ, ಕಂತಿನ ಲಿಂಕ್ ಮಾರನೆಯ ದಿನ.